ಎಲ್‌ಜಿಬಿಟಿಕ್ಯೂ ಬದುಕು, ನನ್ನ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಯುಮೆಂಟರಿ ಫೋಟೋಗ್ರಾಫರ್. ಎಲ್‌ಜಿಬಿಟಿಕ್ಯೂ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್, ಕ್ವಿಯರ್; ಅರ್ಥ ಕೆಳಗೆ ಬರೆದಿದ್ದೇನೆ) ಸಮುದಾಯದವರ ಜೊತೆ ಕೆಲಸ ಶುರು ಮಾಡಿ ವರ್ಷಗಳೇ ಆದವು. ಪ್ರದರ್ಶನಕ್ಕೆ ಬಂದವರು, ಫೋಟೋಗ್ರಫಿ ಕಲಿಯುವವರು, ಪತ್ರಿಕೆಯವರು, ನೆಂಟರು, ಎಲ್ಲರೂ ಹೆಚ್ಚು ಕಡಿಮೆ ಅದದೇ ಪ್ರಶ್ನೆ ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ಮುಂದಿನ ಸಲ ‘ಇದನ್ನು ಓದಿ’ ಅಂದುಬಿಡಬಹುದಲ್ಲ, ಅದಕ್ಕೇ ಈ ಪುಟ. ಕೆಲವಕ್ಕೆ ಉತ್ತರ ಉದ್ದ ಆಗಿದೆ. ಕೆಲವಕ್ಕೆ ಎರಡೇ ಸಾಲು ಸಾಕು.

ನೀವೂ ಅದೇ ಸಮುದಾಯದವರಾ?

ಅಲ್ಲ. ಮದುವೆಯಾಗಿದೆ, ಹೆಂಡತಿ ಇದ್ದಾಳೆ. ಹಾಗೆ ನೋಡಿದರೆ ಅದೇನೂ ಪುರಾವೆ ಅಲ್ಲ, ಮನೆಯವರ ಒತ್ತಾಯಕ್ಕೆ ಮದುವೆಯಾಗಿ ಹೆಂಡತಿ ಮಕ್ಕಳ ಜೊತೆ ಬಾಳುತ್ತಿರುವ ಗೇ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಟ್ಟರೆ ನಾನು ಕಳೆದುಕೊಳ್ಳುವುದು ಏನೂ ಇಲ್ಲ. ಇದೇ ಪ್ರಶ್ನೆಗೆ ನನ್ನ ಕ್ಯಾಮೆರಾ ಮುಂದೆ ಕೂತವರು ಉತ್ತರ ಕೊಟ್ಟರೆ ಬಾಡಿಗೆ ಮನೆ ಹೋಗಬಹುದು, ಕೆಲಸ ಹೋಗಬಹುದು. ಕೆಲವು ದೇಶಗಳಲ್ಲಿ ಪೊಲೀಸರೇ ಬರಬಹುದು. ಇದೊಂದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಹೊರಗಿನವರು ಯಾಕೆ ತೆಗೆಯಬೇಕು? ಅವರ ಕತೆ ಅವರೇ ಹೇಳಲಿ ಅಲ್ವಾ?

ಹೇಳಲಿ. ಬಹಳ ಹಿಂದಿನಿಂದಲೂ ಹೇಳುತ್ತಲೇ ಇದ್ದಾರೆ, ನಾವು ನೋಡಲಿಲ್ಲ ಅಷ್ಟೆ. ಅಮೆರಿಕದ ಜೋನ್ ಇ. ಬೈರನ್ ಅವರಿಗೆ ಇಬ್ಬರು ಹೆಂಗಸರು ಪ್ರೀತಿಯಿಂದ ಮುತ್ತು ಕೊಡುವ ಫೋಟೋ ನೋಡಬೇಕು ಅನ್ನಿಸಿತ್ತು. ಎಲ್ಲೂ ಸಿಗಲಿಲ್ಲ. 1970ರಲ್ಲಿ ಒಂದು ಕ್ಯಾಮೆರಾ ಕಡ ತಂದು, ಕೈ ಚಾಚಿ ಹಿಡಿದು, ತನ್ನ ಮತ್ತು ತನ್ನ ಗೆಳತಿಯ ಫೋಟೋ ತಾನೇ ತೆಗೆದುಕೊಂಡರು. ಅದು ಮಾರಾಟಕ್ಕಲ್ಲ, ಪ್ರದರ್ಶನಕ್ಕಲ್ಲ, ಸುಮ್ನೆ ತಾನು ನೋಡಲಿಕ್ಕೆ. 1979ರಲ್ಲಿ ಲೆಸ್ಬಿಯನ್ ಹೆಂಗಸರ ಭಾವಚಿತ್ರಗಳ ಪುಸ್ತಕವನ್ನು ಸ್ವಂತವಾಗಿ ಅಚ್ಚು ಹಾಕಿಸಿದರು.

ದಕ್ಷಿಣ ಆಫ್ರಿಕಾದ ಝನೆಲೆ ಮುಹೋಲಿ 2006ರಿಂದ ತಮ್ಮ ದೇಶದ ಕಪ್ಪು ಲೆಸ್ಬಿಯನ್ ಮತ್ತು ಟ್ರಾನ್ಸ್ ಜನರ ಭಾವಚಿತ್ರ ತೆಗೆಯುತ್ತಾ ಬಂದಿದ್ದಾರೆ. ಕ್ಯಾಮೆರಾ ಮುಂದೆ ಇರುವವರನ್ನು ‘ಪಾಲ್ಗೊಂಡವರು’ ಅನ್ನುತ್ತಾರೆ. ಆ ಫೋಟೋಗಳಲ್ಲಿ ಹೆಚ್ಚಿನವರು ನೇರವಾಗಿ ನಮ್ಮ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನಾವೇ ಕಣ್ಣು ತಿರುಗಿಸಬೇಕಾಗುತ್ತದೆ.

ಹಾಗಾದರೆ ನನ್ನಂಥವರಿಗೆ ಏನು ಕೆಲಸ? ಒಂದು ಉಪಯೋಗ ಇದೆ. ಒಳಗಿನವರು ಫೋಟೋ ತೆಗೆದರೆ ತೆಗೆದವರೂ ಬಯಲಾಗುತ್ತಾರೆ, ಆ ಅಪಾಯ ನನಗಿಲ್ಲ. ಹಾಗೆಯೇ ನೋಡುವವರಲ್ಲಿ ಬಹಳ ಜನ ನನ್ನಂಥವರೇ, ಅವರ ತಲೆಯಲ್ಲಿ ಯಾವ ಪೆದ್ದು ಪ್ರಶ್ನೆ ಓಡುತ್ತದೆ ಅಂತ ನನಗೆ ಗೊತ್ತು. ಆದರೆ ಒಂದು ಅವಕಾಶ ಒಬ್ಬರಿಗೆ ಮಾತ್ರ ಇದ್ದು, ಅದನ್ನು ಚೆನ್ನಾಗಿ ಮಾಡಬಲ್ಲ ಒಳಗಿನ ಫೋಟೋಗ್ರಾಫರ್ ಇದ್ದರೆ ನಾನು ಅವರ ಹೆಸರು ಹೇಳುತ್ತೇನೆ. ‘ದನಿ ಇಲ್ಲದವರಿಗೆ ದನಿ ಕೊಡುತ್ತಿದ್ದೇನೆ’ ಅನ್ನುವ ಫೋಟೋಗ್ರಾಫರ್‌ಗಳನ್ನು ಕಂಡರೆ ನನಗೆ ಆಗುವುದಿಲ್ಲ. ಅವರಿಗೆ ದನಿ ಚೆನ್ನಾಗಿಯೇ ಇದೆ, ಒಂದು ಸಂಜೆ ಅವರ ಜೊತೆ ಕೂತು ನೋಡಿ, ನಿಮಗೆ ಬಾಯಿ ಹಾಕಲು ಜಾಗ ಸಿಗುವುದಿಲ್ಲ.

ಈ ಕೆಲಸದಲ್ಲಿ ನಿಮ್ಮ ತಿಳಿವಳಿಕೆ ಹೇಗೆ ಬದಲಾಯಿತು?

ಮೊದಮೊದಲು ನಾನು ಹುಡುಕುತ್ತಿದ್ದದ್ದು ‘ಬೇರೆ’ ಅನ್ನಿಸುವುದನ್ನು. ಎಲ್ಲ ಫೋಟೋಗ್ರಾಫರ್‌ಗಳೂ ಅದನ್ನೇ ಹುಡುಕುತ್ತಾರೆ, ಕಣ್ಣಿಗೆ ಬೇಗ ಬೀಳುವುದು ಅದೇ. ಬಣ್ಣ, ಮೇಕಪ್, ಬಾವುಟ, ಕಣ್ಣೀರು. ಎಲ್ಲರಿಗೂ ಒಂದೇ ಪ್ರಶ್ನೆ: ‘ನಿಮಗೆ ಇದು ಯಾವಾಗ ಗೊತ್ತಾಯ್ತು?’ ಆ ಪ್ರಶ್ನೆಯನ್ನು ಅವರಿಗೆ ಎಷ್ಟೋ ಜನ ಕೇಳಿರುತ್ತಾರೆ. ಡಾಕ್ಟರು, ಅಪ್ಪ ಅಮ್ಮ, ಪತ್ರಕರ್ತರು, ಹೊಸ ಗೆಳೆಯರು. ಹೀಗಾಗಿ ಉತ್ತರ ಬಾಯಿಪಾಠ ಆಗಿರುತ್ತದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೇಳುವವರ ಕಣ್ಣು ಒದ್ದೆಯಾಗುತ್ತದೆ, ಎಲ್ಲ ಗೊತ್ತು. ಸುಳ್ಳೇನಲ್ಲ. ಆದರೆ ಅದು ಬಾಗಿಲ ಹತ್ತಿರ ಬಂದವರಿಗೆ ಹೇಳಿ ಕಳಿಸುವ ಮಾತು.

ನಿಜವಾದ ಮಾತು ಬರುವುದು ಕ್ಯಾಮೆರಾ ಬ್ಯಾಗಿಗೆ ಹೋದ ಮೇಲೆ. ಆಗ ಬರುವ ವಿಷಯಗಳು ಇವು: ಇಪ್ಪತ್ತು ವರ್ಷ ಜೊತೆಗಿದ್ದ ಸಂಗಾತಿ ಐಸಿಯುನಲ್ಲಿದ್ದಾಗ ‘ನೀವು ಅವರಿಗೆ ಏನಾಗಬೇಕು?’ ಅಂತ ಕೇಳಿದರೆ ಏನು ಹೇಳುವುದು. ಬ್ಯಾಂಕಿನಲ್ಲಿ ನಾಮಿನಿ ಯಾರು. ಹೆಸರು ಬದಲಾಯಿಸಿಕೊಂಡ ಮೇಲೆ ಹಳೆಯ ಅಂಕಪಟ್ಟಿಯಲ್ಲಿ ಇರುವುದು ಬೇರೆ ಹೆಸರು, ಕೆಲಸದ ಇಂಟರ್‌ವ್ಯೂನಲ್ಲಿ ಅದನ್ನು ಹೇಗೆ ವಿವರಿಸುವುದು. ವಯಸ್ಸಾದ ಮೇಲೆ ಯಾರು ನೋಡಿಕೊಳ್ಳುತ್ತಾರೆ. ತಂಗಿ ಮದುವೆಗೆ ಕರೆದಿದ್ದಾರೆ, ಆದರೆ ‘ಒಬ್ಬನೇ ಬಾ’ ಅಂದಿದ್ದಾರೆ.

ನಿಧಾನವಾಗಿ ನನ್ನ ಫೋಟೋಗಳೂ ಆ ಕಡೆ ತಿರುಗಿದವು. ಗುರುತು ಯಾವುದು ಅನ್ನುವುದಕ್ಕಿಂತ ಆ ಗುರುತಿನ ಜೊತೆ ಒಂದು ಮಂಗಳವಾರ ಹೇಗೆ ಕಳೆಯುತ್ತದೆ ಅನ್ನುವುದು ನನಗೆ ಈಗ ಜಾಸ್ತಿ ಮುಖ್ಯ. ಇನ್ನೂ ಒಂದು ಬದಲಾವಣೆ ಇದೆ, ಇದು ಅದಕ್ಕಿಂತ ದೊಡ್ಡದು. ಫೋಟೋ ತೆಗೆಯುವ ಕ್ಷಣವೇ ಎಲ್ಲ ಅಂದುಕೊಂಡಿದ್ದೆ. ಈಗ ನನ್ನ ಅರ್ಧಕ್ಕಿಂತ ಹೆಚ್ಚು ಕೆಲಸ ತೆಗೆದ ಮೇಲೆ ಶುರುವಾಗುತ್ತದೆ: ಈ ಫೋಟೋ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಅದರ ಪೆಟ್ಟು ಬಿದ್ದರೆ ಯಾರ ಮೇಲೆ ಬೀಳುತ್ತದೆ. ನನ್ನ ಮೇಲಂತೂ ಬೀಳುವುದಿಲ್ಲ.

ಟ್ರಾನ್ಸ್ ಮಹಿಳೆಯರು ಕನ್ನಡಿ ಮುಂದೆ ಲಿಪ್‌ಸ್ಟಿಕ್ ಹಚ್ಚುವ ಫೋಟೋ ಯಾಕೆ ಎಲ್ಲ ಕಡೆ ಕಾಣುತ್ತದೆ?

ತೆಗೆಯುವುದು ಸುಲಭ, ಅದಕ್ಕೆ. ಒಂದೇ ಚೌಕಟ್ಟಿನಲ್ಲಿ ಎರಡು ಮುಖ ಸಿಗುತ್ತವೆ, ‘ಒಳಗೊಂದು ಹೊರಗೊಂದು’ ಅಂತ ಶೀರ್ಷಿಕೆ ಕೊಡಬಹುದು. ನೋಡುವವರಿಗೂ ‘ಓಹ್, ಹೀಗೆ ತಯಾರಾಗುತ್ತಾರೆ’ ಅನ್ನಿಸುತ್ತದೆ. ಅಲ್ಲೇ ತೊಂದರೆ ಇರುವುದು. ಅವರು ಹೆಣ್ಣಾಗಿ ‘ತಯಾರಾಗುತ್ತಾರೆ’ ಅನ್ನುವ ಅನುಮಾನವನ್ನೇ ಆ ಫೋಟೋ ಗಟ್ಟಿ ಮಾಡುತ್ತದೆ.

ಒಬ್ಬರು ಮೊಬೈಲ್ ರಿಪೇರಿ ಮಾಡುತ್ತಾರೆ. ನನ್ನನ್ನು ಕೂರಿಸಿ ಮೊದಲೇ ಹೇಳಿಬಿಟ್ಟರು, ‘ಕನ್ನಡಿ ಫೋಟೋ ಬೇಡ, ಬೇರೆಯವರ ಹತ್ತಿರ ಬೇಕಾದಷ್ಟಿದೆ, ತಗೊಳ್ಳಿ. ನಾನು ಕೆಲಸ ಮಾಡೋದನ್ನು ತೆಗೀರಿ.’ ಚಾರ್ಜಿಂಗ್ ಪೋರ್ಟ್ ಬದಲಾಯಿಸುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಮ್ಯಾಗ್ನೆಟ್ ಹಾಳೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದರು, ಯಾಕೆಂದರೆ ಒಂದೊಂದರ ಉದ್ದ ಒಂದೊಂದು, ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಬೋರ್ಡ್ ಹೋಗುತ್ತದೆ. ಸೋಲ್ಡರಿಂಗ್ ಐರನ್ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಚಿಮಟ ಹಿಡಿದು, ಉಸಿರು ಬಿಗಿ ಹಿಡಿದರು. ನಾನೂ ಉಸಿರು ಹಿಡಿದೆ. ಆ ಫೋಟೋದಲ್ಲಿ ಅವರ ಮುಖ ಮುಕ್ಕಾಲು ಪಾಲು ನೆರಳಲ್ಲಿದೆ, ಬೆಳಕೆಲ್ಲ ಬೆರಳುಗಳ ಮೇಲೆ. ಪ್ರದರ್ಶನದಲ್ಲಿ ಒಬ್ಬರು ‘ಇದರಲ್ಲಿ ಅವರು ಟ್ರಾನ್ಸ್ ಅಂತ ಹೇಗೆ ಗೊತ್ತಾಗುತ್ತೆ?’ ಅಂತ ಕೇಳಿದರು. ಗೊತ್ತಾಗುವುದಿಲ್ಲ. ಗೊತ್ತಾಗಲೇಬೇಕು ಅಂತ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಬೆಳಕಿನ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಪಕ್ಕದಿಂದ ಬರುವ ಗಡಸು ಬೆಳಕು ದವಡೆ, ಗಂಟಲ ಮಣಿ, ಗಡ್ಡದ ಜಾಗದ ನೆರಳು ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಅಗಲದ ಲೆನ್ಸ್ ಹಿಡಿದು ಹತ್ತಿರ ಹೋದರೆ ಮೂಗು, ದವಡೆ ಇನ್ನೂ ದೊಡ್ಡದಾಗುತ್ತವೆ. ‘ಡ್ರಾಮಾ ಇರಲಿ’ ಅಂತ ಇದನ್ನೆಲ್ಲ ಮಾಡಿ, ಕೊನೆಗೆ ‘ಇದ್ದದ್ದನ್ನು ಇದ್ದ ಹಾಗೆ ತೆಗೆದೆ’ ಅನ್ನುವವರಿದ್ದಾರೆ. ಇದ್ದ ಹಾಗೆ ತೆಗೆದದ್ದಲ್ಲ ಅದು, ಆರಿಸಿ ತೆಗೆದದ್ದು.

ಈ ಅಕ್ಷರಗಳೆಲ್ಲ ಏನು?

ಲೆಸ್ಬಿಯನ್ (ಹೆಂಗಸರನ್ನು ಪ್ರೀತಿಸುವ ಹೆಂಗಸರು), ಗೇ (ಗಂಡಸರನ್ನು ಪ್ರೀತಿಸುವ ಗಂಡಸರು), ಬೈಸೆಕ್ಷುಯಲ್ (ಗಂಡು ಹೆಣ್ಣು ಇಬ್ಬರ ಮೇಲೂ ಪ್ರೀತಿ ಹುಟ್ಟುವವರು) ಇವು ಯಾರ ಮೇಲೆ ಆಸೆ, ಪ್ರೀತಿ ಹುಟ್ಟುತ್ತದೆ ಅನ್ನುವುದಕ್ಕೆ ಸೇರಿದವು. ಟ್ರಾನ್ಸ್‌ಜೆಂಡರ್ ಅನ್ನುವುದು ತನ್ನನ್ನು ತಾನು ಗಂಡು, ಹೆಣ್ಣು ಅಥವಾ ಬೇರೆ ಏನು ಅಂತ ಕಾಣುತ್ತಾರೆ ಅನ್ನುವುದಕ್ಕೆ. ಟ್ರಾನ್ಸ್ ಗಂಡಸೊಬ್ಬರು ಗೇ ಆಗಿರಬಹುದು, ಅದರಲ್ಲಿ ಗೊಂದಲ ಏನೂ ಇಲ್ಲ. ಕ್ವಿಯರ್ ಅಂತ ಕೆಲವರು ಇದಕ್ಕೆಲ್ಲ ಸೇರಿಸಿ ಹೇಳಿಕೊಳ್ಳುತ್ತಾರೆ, ಕೆಲವರಿಗೆ ಆ ಮಾತು ಹಿಡಿಸುವುದಿಲ್ಲ. ಕೇಳಿ, ಅವರು ಹೇಳಿದ್ದನ್ನೇ ಕ್ಯಾಪ್ಷನ್‌ನಲ್ಲಿ ಬರೆಯಿರಿ. ಕೇಳಲು ಆಗಲಿಲ್ಲ ಅಂದರೆ ‘ಅವರು’ ಅಂತ ಬರೆಯಲು ಕನ್ನಡದಲ್ಲಿ ಏನೂ ಕಷ್ಟವಿಲ್ಲ.

ಇದು ಕಾಯಿಲೆ ಅಲ್ವಾ?

ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟ ಪಟ್ಟಿಗೆ ಅದೇ ಸಂಸ್ಥೆ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಪ್ರದರ್ಶನದಲ್ಲಿ ಇದನ್ನು ಕೇಳುವವರು ಹೆಚ್ಚಾಗಿ ಜಗಳಕ್ಕೆ ಬಂದವರಲ್ಲ, ಮನೆಯಲ್ಲಿ ಯಾರ ಬಗ್ಗೆಯೋ ಚಿಂತೆ ಇಟ್ಟುಕೊಂಡು ಬಂದವರು. ಅದಕ್ಕೇ ಕೋಪ ಮಾಡಿಕೊಳ್ಳದೆ ಉತ್ತರ ಕೊಡುತ್ತೇನೆ.

ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಸಿಕ್ಕ ಹಾಗೆ ತಾನೆ?

ಕೋರ್ಟಿಗೆ ಅದು ಸಾಕಾಗಬಹುದು. ನನಗೆ ಸಾಲದು.

ಫೋಟೋಗ್ರಾಫರ್ ದಯಾನಿತಾ ಸಿಂಗ್ ಅವರು ಲಂಡನ್ ಪತ್ರಿಕೆಯೊಂದರ ಕೆಲಸಕ್ಕಾಗಿ ದೆಹಲಿಯ ಮೋನಾ ಅಹ್ಮದ್ ಅವರ ಫೋಟೋ ತೆಗೆದಿದ್ದರು. ಮೋನಾ ಹಿಜ್ಡಾ ಸಮುದಾಯದವರು. ಫೋಟೋ ಅಚ್ಚಾಗುವುದು ಲಂಡನ್‌ನಲ್ಲಿ ಅಂತ ತಿಳಿದ ಕೂಡಲೇ ಮೋನಾ ಫಿಲ್ಮ್ ವಾಪಸ್ ಕೇಳಿದರು, ಆ ದೇಶದಲ್ಲಿ ಅವರ ನೆಂಟರಿದ್ದರು. ದಯಾನಿತಾ ಫಿಲ್ಮ್ ಕೊಟ್ಟುಬಿಟ್ಟರು. ಕೆಲಸ ಹೋಯಿತು. ಅಲ್ಲಿಂದ ಶುರುವಾದ ಸ್ನೇಹ 2017ರಲ್ಲಿ ಮೋನಾ ತೀರಿಕೊಳ್ಳುವ ತನಕ ಇತ್ತು, 2001ರಲ್ಲಿ ಬಂದ ಪುಸ್ತಕದಲ್ಲಿ ಮೋನಾ ತಮ್ಮ ಮಾತನ್ನು ತಾವೇ ಹೇಳಿಕೊಂಡಿದ್ದಾರೆ. ಕಲಿಯಲು ಬರುವವರಿಗೆ ನಾನು ಈ ಕತೆಯನ್ನು ಹೇಳದೆ ಕಳಿಸುವುದಿಲ್ಲ. ಫಿಲ್ಮ್ ವಾಪಸ್ ಕೊಟ್ಟರೆ ಎಲ್ಲರಿಗೂ ಪುಸ್ತಕ ಸಿಗುತ್ತದೆ ಅಂತ ಅಲ್ಲ. ಬಹಳ ಸಲ ಏನೂ ಸಿಗುವುದಿಲ್ಲ. ಆದರೂ ಕೊಡಬೇಕು.

ನನ್ನ ಪದ್ಧತಿ ಹೀಗಿದೆ. ಒಪ್ಪಿಗೆಯನ್ನು ಬಿಡಿ ಬಿಡಿಯಾಗಿ ಕೇಳುತ್ತೇನೆ: ಗೋಡೆ ಮೇಲಿನ ಪ್ರದರ್ಶನಕ್ಕೆ ಸರಿನಾ, ಪುಸ್ತಕಕ್ಕೆ ಸರಿನಾ, ಪತ್ರಿಕೆಗೆ, ವೆಬ್‌ಸೈಟಿಗೆ, ಸೋಷಿಯಲ್ ಮೀಡಿಯಾಕ್ಕೆ? ಪ್ರದರ್ಶನಕ್ಕೆ ಹೂಂ ಅಂದವರಲ್ಲಿ ಎಷ್ಟೋ ಜನ ಇಂಟರ್‌ನೆಟ್ ಅಂದ ಕೂಡಲೇ ಬೇಡ ಅನ್ನುತ್ತಾರೆ. ಈ ಪುಟದಲ್ಲಿ ಒಂದೂ ಫೋಟೋ ಇಲ್ಲದಿರುವುದು ಅದಕ್ಕೇ. ಆಮೇಲೆ, ತೆಗೆದ ದಿನವೇ ಕಾಗದ ಮುಂದಿಡುವುದಿಲ್ಲ. ಆ ದಿನ ಎಲ್ಲರೂ ಖುಷಿಯಲ್ಲಿರುತ್ತಾರೆ, ಏನಕ್ಕೆ ಬೇಕಾದರೂ ಸಹಿ ಹಾಕುತ್ತಾರೆ. ಫೋಟೋ ತೋರಿಸಿ, ಬಿಟ್ಟು, ಒಂದಷ್ಟು ದಿನ ಕಳೆದು ಕೇಳುತ್ತೇನೆ. ಅಚ್ಚಿಗೆ ಕೊಡುವ ಮೊದಲು ಮತ್ತೆ ಒಂದು ಫೋನ್. ಇಷ್ಟರಲ್ಲಿ ಅವರಿಗೆ ಹೊಸ ಕೆಲಸ ಸಿಕ್ಕಿರಬಹುದು, ಸಂಬಂಧ ಮುರಿದಿರಬಹುದು, ಅಪ್ಪನಿಗೆ ಹಾರ್ಟ್ ಆಪರೇಷನ್ ಆಗಿ ‘ಈಗ ಬೇಡ’ ಅನ್ನಿಸಿರಬಹುದು. ಕಾರಣ ಕೇಳುವುದಿಲ್ಲ. ಅಚ್ಚಾದ ಪುಸ್ತಕವನ್ನು ವಾಪಸ್ ಕರೆಸಲು ಆಗುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ, ಆಗದ ಮಾತು ಕೊಡಬಾರದು.

ಮುಖ ತೋರಿಸದಿದ್ದರೆ ಸಾಕಲ್ಲ?

ಸಾಕಾಗುವುದಿಲ್ಲ. ಜನ ಗುರುತು ಹಿಡಿಯುವುದು ಮುಖದಿಂದ ಮಾತ್ರ ಅಲ್ಲ. ಕೈಬೆರಳಿನ ಉಂಗುರ, ಟ್ಯಾಟೂ, ಮಚ್ಚೆ. ಹಿಂದಿನ ಕಿಟಕಿಯ ಗ್ರಿಲ್. ಗೋಡೆಯ ಕ್ಯಾಲೆಂಡರ್. ಬೆಡ್‌ಶೀಟ್! ಅಕ್ಕನೇ ಕೊಡಿಸಿದ ಬೆಡ್‌ಶೀಟ್ ಆಗಿದ್ದರೆ ಅಕ್ಕನಿಗೆ ಮುಖ ಬೇಕಾಗಿಲ್ಲ. ಹೀಗಾಗಿ ಫೋಟೋವನ್ನು ಅವರ ಜೊತೆ ಕೂತು ಮೂಲೆಯಿಂದ ಮೂಲೆಗೆ ನೋಡುತ್ತೇನೆ, ನನಗೆ ಕಾಣದ್ದು ಅವರಿಗೆ ಕಾಣುತ್ತದೆ. ‘ಅಯ್ಯೋ, ಆ ಚಪ್ಪಲಿ ಆಫೀಸಲ್ಲಿ ಎಲ್ಲರೂ ನೋಡಿದಾರೆ’ ಅನ್ನುತ್ತಾರೆ.

ಡಿಜಿಟಲ್ ಫೈಲ್ ಒಳಗೆ ತೆಗೆದ ಸಮಯ, ಕ್ಯಾಮೆರಾ ನಂಬರ್, ಜಿಪಿಎಸ್ ಆನ್ ಇದ್ದರೆ ಮನೆಯ ಜಾಗ ಕೂಡ ದಾಖಲಾಗಿರುತ್ತದೆ. ಕಳಿಸುವ ಮೊದಲು ಅಳಿಸಿ. ಮೊಬೈಲಿನಲ್ಲಿ ತೆಗೆದರೆ ಲೊಕೇಶನ್ ಮೊದಲೇ ಆಫ್ ಮಾಡಿ. ಮುಖ ಮುಚ್ಚಬೇಕು ಅಂತ ಇದ್ದರೆ ತೆಗೆಯುವಾಗಲೇ ಮುಚ್ಚಿ: ಹಿಂದಿನಿಂದ, ಕಿಟಕಿಗೆ ಎದುರಾಗಿ ನಿಲ್ಲಿಸಿ ನೆರಳಾಗಿ, ಕುತ್ತಿಗೆಯಿಂದ ಕೆಳಗೆ. ಮುಖ ಪೂರ್ತಿ ತೆಗೆದು ಆಮೇಲೆ ಬ್ಲರ್ ಮಾಡಿದರೆ ಮೂಲ ಫೈಲ್ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ತೆಳುವಾದ ಬ್ಲರ್ ಅನ್ನಂತೂ ನಂಬಲೇಬೇಡಿ.

ಮುಖ ಇಲ್ಲದ ಫೋಟೋ ಸಪ್ಪೆ ಆಗಬೇಕಾಗಿಲ್ಲ. ಫೋಟೋಗ್ರಾಫರ್ ಸುನಿಲ್ ಗುಪ್ತಾ 1986–87ರಲ್ಲಿ ದೆಹಲಿಯ ಗೇ ಗಂಡಸರ ಸರಣಿ ಮಾಡಿದರು. ಆಗ ಅಲ್ಲಿ ಸಲಿಂಗ ಸಂಬಂಧ ಅಪರಾಧ, 1860ರ ದಂಡಸಂಹಿತೆಯ ಸೆಕ್ಷನ್ 377 ಇತ್ತು. ಹೆಚ್ಚಿನ ಫೋಟೋಗಳಲ್ಲಿ ಮುಖ ಕಾಣುವುದಿಲ್ಲ ಅಥವಾ ಗುರುತಾಗುವುದಿಲ್ಲ, ಜೊತೆಗೆ ಅವರ ಮಾತುಗಳಿವೆ. ಊರಿನ ಪ್ರಸಿದ್ಧ ಸ್ಮಾರಕಗಳ ಎದುರೇ ಅವರು ನಿಂತಿದ್ದಾರೆ. ನೋಡಿದರೆ ಮುಖ ತಪ್ಪಿಸಿದ್ದೇ ಆ ಕಾಲದ ದಾಖಲೆ ಅನ್ನಿಸುತ್ತದೆ. ಆ ಸೆಕ್ಷನ್ ಒಪ್ಪಿತ ಸಂಬಂಧಕ್ಕೆ ಅನ್ವಯಿಸದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಇಷ್ಟೆಲ್ಲ ಹೆದರಿಕೆ ಯಾಕೆ? ಒಂದು ಫೋಟೋದಿಂದ ಏನಾಗಿಬಿಡುತ್ತೆ?

ಉಗಾಂಡಾದಲ್ಲಿ 2010ರ ಅಕ್ಟೋಬರ್‌ನಲ್ಲಿ ಒಂದು ಪತ್ರಿಕೆ ಗೇ, ಲೆಸ್ಬಿಯನ್ ಅಂತ ಜನರ ಫೋಟೋ, ಹೆಸರು ಹಾಕಿ ‘ಗಲ್ಲಿಗೇರಿಸಿ’ ಅಂತ ಮುಖಪುಟದಲ್ಲಿ ಬರೆಯಿತು. ಅದರಲ್ಲಿ ಹೋರಾಟಗಾರ ಡೇವಿಡ್ ಕಾಟೊ ಅವರ ಫೋಟೋ ಕೂಡ ಇತ್ತು. ಅವರೂ ಜೊತೆಗಿದ್ದವರೂ ಕೋರ್ಟಿಗೆ ಹೋದರು, 2011ರ ಜನವರಿಯಲ್ಲಿ ಗೆದ್ದರು. ಅದೇ ತಿಂಗಳ 26ರಂದು ಕಾಟೊ ಅವರನ್ನು ಅವರ ಮನೆಯಲ್ಲೇ ಕೊಲ್ಲಲಾಯಿತು. ಪೊಲೀಸರು ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಳ್ಳತನ ಅಂದರು. ಜೊತೆಯವರು ಅದನ್ನು ನಂಬಲಿಲ್ಲ.

ಇವತ್ತಿಗೂ 60ಕ್ಕಿಂತ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಅಪರಾಧ. ಇಂಟರ್‌ನೆಟ್‌ಗೆ ಹಾಕಿದ ಫೋಟೋಗೆ ಗಡಿ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2001ರಿಂದಲೇ ಮದುವೆಯಾಗಬಹುದು, ಅಲ್ಲಿ ಯಾವ ಭಯವೂ ಇಲ್ಲದೆ ತೆಗೆಸಿಕೊಂಡ ಮದುವೆ ಫೋಟೋ, ಆ ಮದುಮಗ ತನ್ನ ತಾಯಿಯನ್ನು ನೋಡಲು ಇದು ಅಪರಾಧವಾಗಿರುವ ತನ್ನ ದೇಶಕ್ಕೆ ಹೋದಾಗ ವಿಮಾನ ನಿಲ್ದಾಣದಲ್ಲೇ ಸಾಕ್ಷಿ ಆಗಬಹುದು. ಕಾನೂನು ಒಂದೇ ದಿಕ್ಕಿಗೆ ಹೋಗುವುದಿಲ್ಲ ಅನ್ನುವುದನ್ನೂ ನೆನಪಿಡಿ. 2019ರಲ್ಲಿ ಬೋಟ್ಸ್ವಾನಾದ ಕೋರ್ಟ್ ಇಂಥ ಕಾನೂನನ್ನು ಕಿತ್ತುಹಾಕಿತು, 2023ರಲ್ಲಿ ಉಗಾಂಡಾ ಕೆಲವು ಸಂದರ್ಭಗಳಿಗೆ ಮರಣದಂಡನೆಯನ್ನೇ ಸೇರಿಸಿ ಹೊಸ ಕಾನೂನು ತಂದಿತು. ಇವತ್ತು ಸುರಕ್ಷಿತ ಅನ್ನಿಸಿದ ಫೋಟೋ ಹತ್ತು ವರ್ಷ ಬಿಟ್ಟು ಹಾಗೇ ಇರುತ್ತದೆ ಅಂತ ಏನಿಲ್ಲ.

ಸಮುದಾಯದವರು ಹೆಮ್ಮೆಯಿಂದ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ಸಾರ್ವಜನಿಕ ಅಲ್ವಾ? ಅಲ್ಲೂ ಕೇಳಬೇಕಾ?

ನ್ಯೂಯಾರ್ಕ್‌ನಲ್ಲಿ 1970ರ ಜೂನ್ 28ರಂದು ಮೊದಲ ಮೆರವಣಿಗೆ ನಡೆದಾಗ, ಕೋಲ್ಕತ್ತಾದಲ್ಲಿ 1999ರ ಜುಲೈ 2ರಂದು 15 ಜನ ನಡೆದಾಗ, ಜನರ ಕಣ್ಣಿಗೆ ಬೀಳುವುದೇ ಉದ್ದೇಶ. ಹಾಗಾಗಿ ಮುಂದೆ ಬ್ಯಾನರ್ ಹಿಡಿದವರು, ವೇದಿಕೆ ಮೇಲೆ ಮಾತಾಡುವವರು ಕ್ಯಾಮೆರಾಕ್ಕೆ ಸಿದ್ಧರಾಗಿಯೇ ಬಂದಿರುತ್ತಾರೆ. ಆದರೆ ಪಕ್ಕದ ಫುಟ್‌ಪಾತ್ ಮೇಲೆ, ಟೋಪಿ ಹಾಕಿ, ಮೊದಲ ಸಲ ಬಂದು, ಸೇರಲೋ ಬೇಡವೋ ಅಂತ ನಿಂತಿರುವ ಹುಡುಗ? ಅವನ ಮುಖದಲ್ಲಿ ಎಲ್ಲಕ್ಕಿಂತ ಒಳ್ಳೆಯ ಫೋಟೋ ಇರುತ್ತದೆ, ಗೊತ್ತು. ತೆಗೆಯಬೇಡಿ. ಮಾಸ್ಕ್ ಹಾಕಿದವರು ಬೆವರು ಒರೆಸಲು ಒಂದು ಕ್ಷಣ ತೆಗೆದಾಗ ಕ್ಲಿಕ್ ಮಾಡುವುದು ನನ್ನ ಪ್ರಕಾರ ಕಳ್ಳತನ. ಕಾನೂನು ಏನೇ ಹೇಳಲಿ.

ಮೆರವಣಿಗೆ ಬಿಟ್ಟು ವರ್ಷದಲ್ಲಿ ಇನ್ನೂ ಬೇಕಾದಷ್ಟು ದಿನಗಳಿವೆ ಅನ್ನುವುದೂ ಪತ್ರಿಕೆಯವರ ಗಮನಕ್ಕೆ ಬಂದರೆ ಒಳ್ಳೆಯದು.

ನೋವಿನ ಫೋಟೋಗಳು ತಾನೇ ಜನರ ಮನಸ್ಸು ಬದಲಾಯಿಸುವುದು?

ಇದಕ್ಕೆ ಹೌದು, ಇಲ್ಲ ಎರಡೂ ಹೇಳಬೇಕು.

1988ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಫೋಟೋಗ್ರಾಫರ್ ನಿಕೊಲಸ್ ನಿಕ್ಸನ್ ಅವರ ಪ್ರದರ್ಶನ ಇತ್ತು. ಏಡ್ಸ್ ಬಂದವರು ದಿನದಿಂದ ದಿನಕ್ಕೆ ಸೊರಗಿ ಹೋಗುವ ಫೋಟೋಗಳು, ತಾಂತ್ರಿಕವಾಗಿ ಅದ್ಭುತ. ಏಡ್ಸ್ ಬಂದವರ ಪರ ಹೋರಾಡುವ ಆಕ್ಟ್ ಅಪ್ ಗುಂಪಿನವರು ಅಲ್ಲೇ ಬಂದು ಕರಪತ್ರ ಹಂಚಿ ಪ್ರತಿಭಟಿಸಿದರು. ಅವರು ಕೇಳಿದ್ದು, ಏಡ್ಸ್ ಇದ್ದೂ ಕೋಪ, ಪ್ರೀತಿ, ಹೋರಾಟ ಎಲ್ಲ ಇಟ್ಟುಕೊಂಡು ಬದುಕುತ್ತಿರುವವರು ಎಲ್ಲಿ? ಸರ್ಕಾರದ ಉದಾಸೀನ ಈ ಫೋಟೋದಲ್ಲಿ ಎಲ್ಲಿ ಕಾಣುತ್ತದೆ? ನಮ್ಮನ್ನು ನೋಡುವುದು ಬಿಡಿ, ನಮ್ಮ ಮಾತು ಕೇಳಿ ಅಂದರು.

ಎರಡೇ ವರ್ಷಕ್ಕೆ, 1990ರಲ್ಲಿ, ಒಹಾಯೊದ ಆರೈಕೆ ಕೇಂದ್ರವೊಂದರಲ್ಲಿ ಥೆರೀಸ್ ಫ್ರೇರ್ ಅನ್ನುವ ವಿದ್ಯಾರ್ಥಿನಿ, ಏಡ್ಸ್‌ನಿಂದ ಸಾಯುತ್ತಿರುವ ಡೇವಿಡ್ ಕರ್ಬಿ ಮತ್ತು ಅವರ ತಲೆಗೆ ತಲೆ ಆನಿಸಿ ಅಳುವ ಅಪ್ಪನ ಫೋಟೋ ತೆಗೆದರು. ಆ ನವೆಂಬರ್‌ನಲ್ಲಿ ಅದು ಲೈಫ್ ಪತ್ರಿಕೆಯಲ್ಲಿ ಬಂತು. ಅದೂ ಸಾವಿನ ಫೋಟೋನೇ. ಆದರೆ ಕರ್ಬಿ ಸ್ವತಃ ಹೋರಾಟಗಾರರು, ತಮ್ಮ ಫೋಟೋ ತೆಗೆಯಲು ಮೊದಲೇ ಒಪ್ಪಿದ್ದರು. ಆ ಗಳಿಗೆಯಲ್ಲಿ ಫ್ರೇರ್ ಕೋಣೆಯ ಹೊರಗೆ ನಿಂತಿದ್ದರು, ತಾಯಿಯೇ ಹೊರಗೆ ಬಂದು ಒಳಗೆ ಕರೆದರು. 1992ರಲ್ಲಿ ಬೆನೆಟನ್ ಕಂಪನಿ ಆ ಕಪ್ಪು ಬಿಳುಪು ಫೋಟೋಗೆ ಬಣ್ಣ ಹಾಕಿಸಿ ಜಾಹೀರಾತು ಮಾಡಿತು, ದೊಡ್ಡ ಗಲಾಟೆ ಆಯಿತು. ಬಟ್ಟೆ ಮಾರಲು ಸಾವಿನ ಫೋಟೋನಾ ಅಂತ ಬಹಳ ಜನ ಬೈದರು. ಕರ್ಬಿ ಅಪ್ಪ ಅಮ್ಮ ಮಾತ್ರ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು, ಮಗನ ಮುಖ ಜಗತ್ತು ನೋಡಲಿ ಅನ್ನುವುದು ಅವರ ಇಷ್ಟ.

ಇನ್ನೂ ಒಂದು ವಿಷಯ ಇದೆ, ಇದನ್ನು ಹೇಳುವವರು ಕಡಿಮೆ. ಆ ಫೋಟೋದಲ್ಲಿ ಕರ್ಬಿಯ ಕೈ ಹಿಡಿದಿರುವ ಕೈ ಪೀಟಾ ಅನ್ನುವ ಆರೈಕೆದಾರರದ್ದು. ಅವರಿಗೂ ಎಚ್‌ಐವಿ ಇತ್ತು. ಮುಂದೆ ಅವರು ಹಾಸಿಗೆ ಹಿಡಿದಾಗ ಕರ್ಬಿಯ ಅಪ್ಪ ಅಮ್ಮ ಅವರನ್ನು ನೋಡಿಕೊಂಡರು. ಫ್ರೇರ್ ಆ ಫೋಟೋಗಳನ್ನೂ ತೆಗೆದಿದ್ದಾರೆ. ಒಂದು ಫೋಟೋ ಪ್ರಸಿದ್ಧವಾದ ಮೇಲೂ ಅವರು ಆ ಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನಾನು ನೋಡುವುದು ಅದನ್ನೇ.

ಕಪ್ಪು ಬಿಳುಪು ಯಾಕೆ ಬಿಟ್ಟಿರಿ?

ಪೂರ್ತಿ ಬಿಟ್ಟಿಲ್ಲ. ದುಃಖ ತೋರಿಸಬೇಕು ಅಂತ ಕಪ್ಪು ಬಿಳುಪು ಮಾಡುವುದನ್ನು ಬಿಟ್ಟಿದ್ದೇನೆ. ಫೋಟೋದಲ್ಲಿರುವವರ ಮನೆಯ ಗೋಡೆ ಗಿಳಿ ಹಸಿರು, ಅದನ್ನು ಇಷ್ಟಪಟ್ಟು ಬಳಿಸಿದ್ದಾರೆ, ನಾನ್ಯಾಕೆ ಬೂದಿ ಬಣ್ಣ ಮಾಡಲಿ?

ಹಳೆಯ ಫೋಟೋ, ಹಳೆಯ ಹೆಸರು, ಆಪರೇಷನ್ ಬಗ್ಗೆ ಕೇಳಬಹುದಾ?

ಬೇಡ. ‘ಆಗ–ಈಗ’ ಅಂತ ಪಕ್ಕಪಕ್ಕ ಇಡುವ ಫೋಟೋ ಜನರಿಗೆ ಇಷ್ಟ, ಅದಕ್ಕೇ ಪತ್ರಿಕೆಗಳು ಕೇಳುತ್ತವೆ. ಅವರಾಗಿಯೇ ಆಲ್ಬಮ್ ತೆಗೆದು ತೋರಿಸಿದರೆ ನೋಡಿ. ಕ್ಯಾಮೆರಾ ಎತ್ತುವ ಮೊದಲು ಕೇಳಿ.

ಬೈಸೆಕ್ಷುಯಲ್ ಜನರ ಫೋಟೋ ನಿಮ್ಮ ಸರಣಿಯಲ್ಲಿ ಕಾಣುವುದೇ ಇಲ್ಲವಲ್ಲ?

ಇದ್ದಾರೆ, ನಿಮಗೆ ಗೊತ್ತಾಗಿಲ್ಲ ಅಷ್ಟೆ. ಹೆಂಗಸೊಬ್ಬರು ಗಂಡನ ಜೊತೆ ಸೋಫಾ ಮೇಲೆ ಕೂತಿದ್ದರೆ ನೋಡುವವರು ‘ಇವರು ಯಾಕೆ ಇಲ್ಲಿದ್ದಾರೆ?’ ಅಂದುಕೊಂಡು ಮುಂದೆ ಹೋಗುತ್ತಾರೆ. ಗೆಳತಿಯ ಜೊತೆ ಕೂತಿದ್ದರೆ ಲೆಸ್ಬಿಯನ್ ಅಂದುಕೊಳ್ಳುತ್ತಾರೆ. ಒಂದು ಫೋಟೋ ಒಂದು ಹೊತ್ತನ್ನು ಮಾತ್ರ ಹಿಡಿಯುತ್ತದೆ, ಇವರ ವಿಷಯ ಒಂದು ಹೊತ್ತಿಗೆ ಮುಗಿಯುವಂಥದ್ದಲ್ಲ. ನಾನಿನ್ನೂ ದಾರಿ ಹುಡುಕುತ್ತಿದ್ದೇನೆ. ಸದ್ಯಕ್ಕೆ ಫೋಟೋ ಕೆಳಗೆ ಅವರದೇ ಕೈಬರಹದಲ್ಲಿ ಒಂದೆರಡು ಸಾಲು ಬರೆಸುತ್ತೇನೆ. ಒಬ್ಬರು ಬರೆದರು: ‘ಇವನು ನನ್ನ ಗಂಡ. ಇವನಿಗೆ ಎಲ್ಲ ಗೊತ್ತು. ನಿಮಗೆ ಗೊತ್ತಿರಲಿಲ್ಲ, ಅಷ್ಟೆ.’ ಆಸೆಯೇ ಹುಟ್ಟದ ಏಸೆಕ್ಷುಯಲ್ ಜನರ ವಿಷಯದಲ್ಲಿ ಇನ್ನೂ ಕಷ್ಟ. ಇಲ್ಲದ್ದನ್ನು ತೋರಿಸಲು ಕ್ಯಾಮೆರಾಕ್ಕೆ ಬರುವುದಿಲ್ಲ.

ದುಡ್ಡು ಕೊಡುತ್ತೀರಾ?

ಸುದ್ದಿ ಫೋಟೋಗೆ ದುಡ್ಡು ಕೊಟ್ಟರೆ ಕತೆ ತಿರುಚಿದ ಹಾಗೆ ಆಗುತ್ತದೆ ಅನ್ನುವ ನಿಯಮ ಸರಿಯಾದದ್ದೇ. ಆದರೆ ಒಬ್ಬರು ನನಗಾಗಿ ಒಂದು ದಿನದ ಕೂಲಿ ಬಿಟ್ಟು ಕೂತರೆ ಆ ಕೂಲಿ ಕೊಡುತ್ತೇನೆ, ಪ್ರಿಂಟ್ ಮಾರಾಟವಾದರೆ ಪಾಲು ಕೊಡುತ್ತೇನೆ, ಮೊದಲೇ ಹೇಳಿ ಬರೆದುಕೊಡುತ್ತೇನೆ. ದುಡ್ಡು ಕೊಟ್ಟು ಒಪ್ಪಿಗೆ ಕೊಳ್ಳುವುದಿಲ್ಲ. ಪ್ರಿಂಟ್ ಅಂತೂ ಎಲ್ಲರಿಗೂ. ಮನೆಯಲ್ಲಿ ಇಟ್ಟುಕೊಳ್ಳಲು ಆಗದವರು ಚಿಕ್ಕದು ಕೇಳುತ್ತಾರೆ, ಪರ್ಸಿನಲ್ಲಿ ಹಿಡಿಸುವಷ್ಟು.

ಹದಿನೆಂಟು ತುಂಬದವರ ಫೋಟೋ?

ಗುರುತು ಸಿಗುವ ಹಾಗೆ ತೆಗೆಯುವುದಿಲ್ಲ. ಅಪ್ಪ ಅಮ್ಮ ಒಪ್ಪಿದರೂ ಇಲ್ಲ. ಮುಂದೆ ಅವರು ಯಾರಿಗೆ ಏನು ಹೇಳಿಕೊಳ್ಳಬೇಕು ಅನ್ನುವುದು ಅವರಿಗೇ ಬಿಟ್ಟದ್ದು.

ಏಜೆನ್ಸಿಗೆ ಮಾರುತ್ತೀರಾ?

ಇಲ್ಲ. ಏಜೆನ್ಸಿಗೆ ಹೋದ ಫೋಟೋ ಯಾವ ಸುದ್ದಿ ಪಕ್ಕ ಕೂರುತ್ತದೆ ಅಂತ ನನ್ನ ಕೈಲಿರುವುದಿಲ್ಲ. ಅಡುಗೆ ಮನೆಯಲ್ಲಿ ನಗುತ್ತಾ ನಿಂತ ಇಬ್ಬರು ಗಂಡಸರ ಫೋಟೋ ಯಾವುದೋ ಅಪರಾಧದ ಸುದ್ದಿಗೆ ‘ಸಾಂದರ್ಭಿಕ ಚಿತ್ರ’ ಆಗಿಬಿಡುತ್ತದೆ. ಪತ್ರಿಕೆಗೆ ಕೊಡುವಾಗಲೂ ಕ್ರಾಪ್ ಮಾಡಬಾರದು, ಕ್ಯಾಪ್ಷನ್ ಬದಲಾಯಿಸಬಾರದು, ಬೇರೆ ಸುದ್ದಿಗೆ ಬಳಸಬಾರದು ಅಂತ ಬರೆಸಿಕೊಳ್ಳುತ್ತೇನೆ. ಒಪ್ಪದವರೂ ಇದ್ದಾರೆ. ಅವರಿಗೆ ಕೊಡುವುದಿಲ್ಲ.

ನೀವು ತೆಗೆದ ಫೋಟೋಗಳೆಲ್ಲ ಎಲ್ಲಿವೆ? ನಿಮ್ಮ ನಂತರ ಏನು?

2012ರಲ್ಲಿ ಮುಹೋಲಿ ಅವರ ಕೇಪ್‌ಟೌನ್ ಮನೆಗೆ ಕಳ್ಳರು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಹಾರ್ಡ್ ಡಿಸ್ಕ್ ಹೊತ್ತೊಯ್ದರು. ಬ್ಯಾಕಪ್ ಕೂಡ ಅಲ್ಲೇ ಇತ್ತು, ಐದು ವರ್ಷದ ಕೆಲಸ. ಅದಕ್ಕೇ ನನ್ನ ಬ್ಯಾಕಪ್ ಬೇರೆ ಮನೆಯಲ್ಲಿದೆ. ಡಿಸ್ಕ್‌ಗಳಿಗೆ ಪಾಸ್‌ವರ್ಡ್ ಇದೆ, ಎನ್‌ಕ್ರಿಪ್ಟ್ ಆಗಿವೆ. ಫೈಲ್ ಹೆಸರಿನಲ್ಲಿ ಯಾರ ಹೆಸರೂ ಇಲ್ಲ, ನಂಬರ್ ಮಾತ್ರ. ಯಾವ ನಂಬರ್ ಯಾರು ಅನ್ನುವ ಪಟ್ಟಿ ಕಾಗದದಲ್ಲಿದೆ, ಡಿಸ್ಕ್ ಇರುವ ಜಾಗದಲ್ಲಿ ಅದು ಇಲ್ಲ.

ನನ್ನ ನಂತರ ಏನು ಮಾಡಬೇಕು ಅಂತ ಉಯಿಲಿನಲ್ಲಿ ಬರೆದಿದ್ದೇನೆ. ಪ್ರತಿಯೊಬ್ಬರನ್ನೂ ಕೇಳಿ, ಅವರವರು ಹೇಳಿದ ಹಾಗೆ: ಕೆಲವರದು ಸಂಗ್ರಹಾಲಯಕ್ಕೆ, ಕೆಲವರದು ಅವರ ಸಂಗಾತಿಗೆ, ಕೆಲವರದು ಅಳಿಸಿ ಹಾಕಲು. ಅಳಿಸಿ ಅಂದವರಲ್ಲಿ ಇಬ್ಬರು ಆಮೇಲೆ ಫೋನ್ ಮಾಡಿ ಮನಸ್ಸು ಬದಲಾಯಿಸಿದರು. ಇಟ್ಟುಕೊಳ್ಳಿ ಅಂದ ಒಬ್ಬರು ಈಗ ಅಳಿಸಿ ಅನ್ನುತ್ತಿದ್ದಾರೆ. ಹಾಗ್ಹಾಗೇ ಉಯಿಲು ತಿದ್ದಿಸುತ್ತಾ ಇರುತ್ತೇನೆ, ವಕೀಲರಿಗೆ ಸ್ವಲ್ಪ ಬೇಜಾರಿದೆ.